ತಂಗಡಿಯ ಕಿವಿ

ಮನೆ ನಿಲ್ಲುವುದು ಕಲ್ಲು ಮಣ್ಣಿನ ಮೇಲಲ್ಲ, ಒಳಗಿರುವವರ ನಂಬಿಕೆಯ ಮೇಲೆ ಎಂದು ತಿಳಿದವರು ಗಂಭೀರವಾಗಿ ಹೇಳುತ್ತಾರೆ. ನಾನು ಪೂರಾ ಒಪ್ಪುತ್ತೇನೆ. ನಮ್ಮ ಮನೆಯ ನಂಬಿಕೆ ಮಾತ್ರ ಸೆಗಣಿಯ ಮೇಲೆ ನಿಂತಿತ್ತು. ದೀಪಾವಳಿಯ ಪಾಡ್ಯದ ಮುಂಜಾನೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ದನದ ಮನೆಯಲ್ಲಿ ಕಾಲು ಚಾಚಿ ಕುಳಿತು, ಹಸಿ ಹೆಂಡಿಯಲ್ಲಿ ಪಾಂಡವರನ್ನು ಮಾಡುತ್ತಿದ್ದಳು. ಒಬ್ಬೊಬ್ಬ ಪಾಂಡವನೂ ಮುಷ್ಟಿಯಷ್ಟು ದಪ್ಪ, ಕೈಕಾಲುಗಳ ಗೊಡವೆ ಇಲ್ಲದವನು. ತಲೆಬಾಗಿಲ ಎರಡೂ ಬದಿಗೆ ಐದೈದು, ದನದ ಮನೆಗೆ ಐದು, ಅಡಿಗೆಮನೆಯ ಒಲೆಗೆ ಐದು, ಬಚ್ಚಲ ಹಂಡೆಗೆ ಐದು, ಜೋಳದ ಹಗೇವಿನ ಬಾಯಿಗೆ ಐದು, ಹಿತ್ತಲ ತಿಪ್ಪೆಗೂ ಐದು. ಮಹಾಭಾರತದಲ್ಲಿ ಐವರೇ ಇದ್ದವರು ನಮ್ಮ ಮನೆಗೆ ಬಂದು ಕೌರವರ ಲೆಕ್ಕಕ್ಕೆ ಪೈಪೋಟಿ ಕೊಡುತ್ತಿದ್ದರು. ಪ್ರತಿಯೊಬ್ಬನ ನೆತ್ತಿಯಲ್ಲೂ ಒಂದು ಉತ್ತರಾಣಿ ಕಡ್ಡಿ, ಒಂದು ಹಳದಿ ತಂಗಡಿ ಹೂವು. ಉತ್ತರಾಣಿ ಇಲ್ಲದಿದ್ದರೆ ಆಯಿ ಹೇಗೋ ಸಹಿಸುತ್ತಿದ್ದಳು. ತಂಗಡಿ ಹೂವಿಲ್ಲದ ಪಾಂಡವ ಅವಳ ದೃಷ್ಟಿಯಲ್ಲಿ ಪಾಂಡವನೇ ಅಲ್ಲ, ಬರೀ ಹೆಂಡಿ. ಅಂಥದ್ದರ ಮುಂದೆ ಹೋಳಿಗೆ ಎಡೆ ಇಡಲು ಅವಳು ತಯಾರಿರಲಿಲ್ಲ. ಎಡೆಯಾಗದೆ ನಮಗೆ ಹೋಳಿಗೆ ಸಿಗುತ್ತಿರಲಿಲ್ಲ. ಹೀಗಾಗಿ ಮಕ್ಕಳಾದ ನಮಗೂ ಈ ಹೂವಿನ ವಿಷಯದಲ್ಲಿ ಗಾಢವಾದ ಧಾರ್ಮಿಕ ಶ್ರದ್ಧೆ ಇತ್ತು.

ನಮ್ಮ ಊರು ಶಿಗ್ಗಾಂವಿಗೂ ಸವಣೂರಿಗೂ ನಡುವೆ, ಎರಡರಿಂದಲೂ ಒಂದೇ ಸಮನೆ ದೂರವಿದ್ದು, ಎರಡಕ್ಕೂ ಬೇಡವಾದ ಊರು. ಮಣ್ಣಿನ ಮಾಳಿಗೆಯ ಮನೆ. ಒಳಗೆ ಕಾಲಿಟ್ಟರೆ ಮೊದಲು ದನಗಳು, ಆಮೇಲೆ ಮೆಟ್ಟಿಲೇರಿ ಪಡಸಾಲೆ, ಅದರಾಚೆ ನಡುಮನೆ, ಕೊನೆಗೆ ಹೊಗೆ ತುಂಬಿದ ಅಡಿಗೆಮನೆ. ದನಗಳಿಗೆ ಬೆಳಕೂ ಗಾಳಿಯೂ ಹೆಚ್ಚು, ಅವ್ವನಿಗೆ ಕಡಿಮೆ. ಪಡಸಾಲೆಯ ಕಂಬಕ್ಕೊರಗಿ ಅಪ್ಪ ಕುಳಿತಿರುತ್ತಿದ್ದ. ಅವನು ದೊಡ್ಡ ವಿಷಯಗಳನ್ನು ನಿಧಾನವಾಗಿ ನಿರ್ಧರಿಸುವ ಮನುಷ್ಯ. ಸವಣೂರಿನ ಎಲೆಯೊಂದಕ್ಕೆ ಸುಣ್ಣ ಹಚ್ಚಿ ಮಡಿಚಿ ಬಾಯಿಗಿಟ್ಟನೆಂದರೆ ನಿರ್ಧಾರ ಇನ್ನೊಂದು ತಾಸು ಮುಂದೆ ಹೋಯಿತೆಂದೇ ತಿಳಿಯಬೇಕು. ಪತ್ರಿಕೆ ಎರಡು ದಿನ ತಡವಾಗಿ ಬರುತ್ತಿತ್ತು. ಅಪ್ಪ ಅದನ್ನು ಮತ್ತೆರಡು ದಿನ ಓದುತ್ತಿದ್ದ. ಎರಡನೆಯ ಮಹಾಯುದ್ಧದ ದಿನಗಳವು, ಯುರೋಪಿನಲ್ಲಿ ಒಂದು ಊರು ಬಿದ್ದು ನಾಲ್ಕು ದಿನವಾದ ಮೇಲೆ ನಮ್ಮ ಪಡಸಾಲೆಯಲ್ಲಿ ಬೀಳುತ್ತಿತ್ತು.

ತಂಗಡಿಯನ್ನು ನೋಡದವರು ಈಚೆಗೆ ಹೆಚ್ಚಾಗಿರುವುದರಿಂದ ಅದರ ಗುಣ ಹೇಳಿಯೇ ಮುಂದೆ ಹೋಗಬೇಕು. ಅದು ಮರವಲ್ಲ, ಬಳ್ಳಿಯಲ್ಲ. ಆಳಿನ ಎದೆಯ ಮಟ್ಟ, ತೀರ ಹುರುಪು ಬಂದರೆ ತಲೆಯ ಮಟ್ಟ ಬೆಳೆಯುವ ಗಿಡ. ಬುಡದಿಂದಲೇ ಹತ್ತಾರು ಟೊಂಗೆ ಒಡೆದು ಪೊದೆಯಾಗುತ್ತದೆ. ತೊಗಟೆ ಕಂದು, ನುಣುಪು. ಎಲೆ ಹುಣಸಿಯಂತೆ ಜೋಡಿ ಜೋಡಿ, ಆದರೆ ಹುಣಸಿಗಿಂತ ದೊಡ್ಡದು, ಒಂದು ದಂಟಿಗೆ ಎಂಟರಿಂದ ಹನ್ನೆರಡು ಜೋಡಿ. ಹೂವು ಟೊಂಗೆಯ ತುದಿಯಲ್ಲಿ ಗೊಂಚಲು. ಐದು ಪಕಳೆ, ಒಂದರ ಅಳತೆ ಇನ್ನೊಂದಕ್ಕಿಲ್ಲ, ಅಂಚು ಸುಕ್ಕು, ಹಳದಿಯೊಳಗೆ ಕಿತ್ತಳೆ ಬಣ್ಣದ ಗೆರೆ. ನಡುವಿನ ಕೇಸರಗಳು ಹತ್ತು. ಅವುಗಳಲ್ಲಿ ಮೇಲಿನ ಮೂರು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ನಿಂತಿರುತ್ತವೆ. ಕೆಲಸವೆಲ್ಲ ಕೆಳಗಿನವುಗಳದು. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ನಮ್ಮ ಪಡಸಾಲೆಯ ನೆನಪಾಗಿತ್ತು. ಕಾಯಿ ಒಣಗಿದರೆ ಕಾಗದದಂತೆ ಚಪ್ಪಟೆ, ಒಳಗೆ ಬೀಜಗಳು ಪ್ರತ್ಯೇಕ ಕೋಣೆಗಳಲ್ಲಿ ಮಲಗಿರುತ್ತವೆ, ಗಾಳಿ ಬಂದರೆ ಗಲಗಲ ಎನ್ನುತ್ತವೆ. ಆಡು ಸಹ ಅದಕ್ಕೆ ಬಾಯಿ ಹಾಕುವುದಿಲ್ಲ. ಆಡು ಬಿಟ್ಟದ್ದನ್ನು ಮನುಷ್ಯ ಬಿಡಲಿಲ್ಲ. ಟೊಂಗೆಯಿಂದ ಹಲ್ಲು ತಿಕ್ಕಿದ, ಬೀಜ ತೇದು ಕಣ್ಣಿಗೆ ಹಚ್ಚಿದ, ಬಿಸಿಲಿಗೆ ಹೊರಟರೆ ಎಲೆಯನ್ನು ರುಮಾಲಿನೊಳಗೆ ಇಟ್ಟುಕೊಂಡ.

ಅದರ ವಾಸಸ್ಥಾನದ ವಿಷಯ ಇನ್ನೂ ವಿಚಿತ್ರ. ಎರಿ ಹೊಲದ ಕಪ್ಪು ಮಣ್ಣು ಅದಕ್ಕೆ ಸೇರದು. ಗರಸು ನೆಲ, ಮೊರಡಿ, ದಾರಿಯ ಅಂಚು, ಹಳ್ಳದ ಒಣ ದಂಡೆ, ಅಂದರೆ ನಾವು ಯಾವುದನ್ನು ಹಾಳೆಂದು ಬಿಟ್ಟಿರುತ್ತೇವೋ ಅದೇ ಅದಕ್ಕೆ ಬೇಕು. ಒಮ್ಮೆ ಅವ್ವ ಪ್ರತಿ ವರ್ಷ ಗುಡ್ಡಕ್ಕೆ ಅಲೆಯುವ ತಾಪತ್ರಯ ಬೇಡವೆಂದು ಒಂದು ಸಸಿಯನ್ನು ಹಿತ್ತಲ ಬಚ್ಚಲ ನೀರಿನ ಬಾಯಿಗೆ ನೆಟ್ಟು, ಗೊಬ್ಬರ ಹಾಕಿ, ಮಗುವಿನಂತೆ ನೋಡಿಕೊಂಡಳು. ಅದು ಒಂದು ತಿಂಗಳು ನಮ್ಮ ಉಪಚಾರವನ್ನು ಮೌನವಾಗಿ ಸಹಿಸಿ, ಎಲೆಯುದುರಿಸಿ ಸತ್ತುಹೋಯಿತು.

ನಮ್ಮ ಊರಿನಲ್ಲಿ ತಂಗಡಿ ಎರಡು ಕಡೆ ಇತ್ತು. ಒಂದು ಊರ ಹೊರಗಿನ ಗುಡ್ಡ. ಇನ್ನೊಂದು, ನಮ್ಮದೇ ಹೊಲದ ತುದಿಯಲ್ಲಿ, ಹಳ್ಳದ ದಂಡೆಗೆ, ಏನೂ ಬೆಳೆಯದ ಗರಸಿನ ಮೂಲೆ. ಆ ಮೂಲೆಗೆ ಹತ್ತಿಕೊಂಡು ತೊಗಲು ಹದ ಮಾಡುವ ಫಕೀರಪ್ಪನ ಮನೆ, ತೊಗಲು ನೆನೆಹಾಕುವ ಅವನ ಕುಣಿಗಳು. ತಂಗಡಿಯ ತೊಗಟೆಯಿಲ್ಲದೆ ತೊಗಲು ಹದಕ್ಕೆ ಬರುವುದಿಲ್ಲ. ಅಜ್ಜನ ಕಾಲದಿಂದಲೂ ಆ ಮೂಲೆಯ ತೊಗಟೆ ಅವರದು, ಬದಲಿಗೆ ನಮ್ಮ ಎತ್ತಿನ ಕೊರಳಪಟ್ಟಿಯಾದ ಜತಗಿ, ಮಿಣಿ ಹಗ್ಗ, ಬಾರಕೋಲು, ಬಾವಿಯ ನೀರೆತ್ತುವ ಕಪಲಿಯ ಬಾನಿ ಎಲ್ಲ ಅವರ ಕೈಯವು. ತೊಗಟೆ ಕೊಯ್ಯುವುದು ಅವನ ಹೆಂಡತಿ ಮರಿಯವ್ವನ ಕೆಲಸ. ಆ ತೊಗಲಿನ ಜತಗಿ ನಮ್ಮ ಎತ್ತಿನ ಕೊರಳಲ್ಲಿ ಕಟ್ಟಬಹುದಿತ್ತು, ಆ ಎತ್ತಿಗೆ ಆಯಿ ಆರತಿ ಎತ್ತಬಹುದಿತ್ತು. ಆದರೆ ಆ ಮೂಲೆಯ ಹೂವು ಮಾತ್ರ ಪಾಂಡವರಿಗೆ ಆಗದು. ಅದಕ್ಕೆ ಆಯಿಯ ಬಳಿ ಕಾರಣವಿತ್ತು, ಮತ್ತು ಆ ಕಾರಣ ಸಸ್ಯಶಾಸ್ತ್ರದ್ದಾಗಿತ್ತು.

ತಂಗಡಿಯ ಎಲೆಯ ದಂಟು ಟೊಂಗೆಗೆ ಕೂಡುವ ಜಾಗದಲ್ಲಿ ಎರಡು ಹಸಿರು ಹಾಳೆಗಳಿರುತ್ತವೆ, ಥೇಟ್ ಎಳೆಗೂಸಿನ ಕಿವಿಯಂತೆ. ಆಯಿ ಗುಡ್ಡದಿಂದ ತಂದ ಟೊಂಗೆಯನ್ನು ತಿರುವಿ ನನಗೆ ತೋರಿಸುತ್ತಿದ್ದಳು.

“ನೋಡವಾ ನೀಲಾ, ಇದಕ್ಕ ಕಿವಿ ಅದಾವ. ಪಾಂಡವರ ಹೂವು ಇದು, ನಾವು ಬೇಡಿಕೊಂಡದ್ದು ಕೇಳತೈತಿ.”

“ಹಳ್ಳದ ಮೂಲ್ಯಾನ ಗಿಡಕ್ಕ?”

“ಅದು ಕಿವುಡು. ತೊಗಲಿನ ನೀರ ಕುಡಿದು ಬೆಳದದ್ದಕ್ಕ ಕಿವಿ ಎಲ್ಲಿಂದ ಬರತಾವ?”

“ನೀ ನೋಡಿಯೇನಾಯಿ?”

“ನಾ ಯಾಕ ಅಲ್ಲಿ ಹೋಗ್ಲೆವಾ ನೋಡಾಕ!”

ಈ ಸಿದ್ಧಾಂತದ ಬಿಗಿ ನೋಡಿ. ಅದನ್ನು ಪರೀಕ್ಷಿಸಲು ಆ ಮೂಲೆಗೆ ಹೋಗಬೇಕು. ಹೋದರೆ ಮೈಲಿಗೆ. ಆದ್ದರಿಂದ ನಮ್ಮ ಮನೆಯವರು ಯಾರೂ ಹೋಗಿರಲಿಲ್ಲ. ಹೋಗಿರದ ಕಾರಣ ಸಿದ್ಧಾಂತ ಸುಭದ್ರವಾಗಿತ್ತು. ಮುಂದೆ ಓದು ಬರಹ ಕಲಿತ ಮೇಲೆ ನಾನು ಎಷ್ಟೋ ದೊಡ್ಡ ಸಿದ್ಧಾಂತಗಳನ್ನು ಕಂಡಿದ್ದೇನೆ, ಹೆಚ್ಚಿನವಕ್ಕೆ ಇಷ್ಟು ಒಳ್ಳೆಯ ಕಾವಲು ಇರಲಿಲ್ಲ.

ನಾನು ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ ಯುದ್ಧ ನಮ್ಮ ಗುಡ್ಡಕ್ಕೆ ಬಂತು. ಸಿಪಾಯಿಗಳಿಗೆ ಬೂಟು ಬೇಕು, ಬೂಟಿಗೆ ತೊಗಲು ಬೇಕು, ತೊಗಲಿಗೆ ತೊಗಟೆ ಬೇಕು. ಹುಬ್ಬಳ್ಳಿಯ ಕಡೆಯ ಗುತ್ತೇದಾರನೊಬ್ಬನ ಮನುಷ್ಯ ಕೋಟು ಹಾಕಿಕೊಂಡು ಬಂದ. ಮಳೆಗಾಲ ಮುಗಿಯುವುದರೊಳಗೆ ಗುಡ್ಡದ ತಂಗಡಿಯೆಲ್ಲ ಗಾಡಿ ಏರಿ ಯಲವಿಗಿ ಸ್ಟೇಶನ್ನಿನ ದಾರಿ ಹಿಡಿಯಿತು. ಅಷ್ಟಕ್ಕೇ ಅವನ ಹಸಿವು ತೀರಲಿಲ್ಲ. ನಮ್ಮ ಪಡಸಾಲೆಗೆ ಬಂದು ಕುಳಿತು, ಹಳ್ಳದ ಮೂಲೆಯನ್ನೂ ಕೊಡಬೇಕೆಂದು ಅಪ್ಪನನ್ನು ಕೇಳಿದ. ಬದಲಿಗೆ ಎರಡು ಡಬ್ಬಿ ಚಿಮಣಿ ಎಣ್ಣೆ, ಒಂದು ಥಾನು ಗಿರಣಿ ಬಟ್ಟೆ. ಆ ದಿನಗಳಲ್ಲಿ ಚಿಮಣಿ ಎಣ್ಣೆ ತುಪ್ಪಕ್ಕಿಂತ ದುರ್ಲಭ. ಸಂಜೆಯಾದರೆ ದೀಪವಿಲ್ಲದೆ ಅಪ್ಪನ ಯುದ್ಧ ಅರ್ಧಕ್ಕೇ ನಿಂತಿರುತ್ತಿತ್ತು. ಅವನು ಎಲೆ ಮಡಿಚಿ ಬಾಯಿಗಿಟ್ಟ. ಆದರೆ ಈ ಸಲ ಅಗಿಯುವುದು ಸ್ವಲ್ಪ ಜೋರಾಗಿತ್ತು. ಒಪ್ಪಿಗೆಯತ್ತ ವಾಲಿದ್ದಾನೆಂದು ಅವ್ವ ಅಡಿಗೆಮನೆಯಿಂದಲೇ ಹೇಳಿದಳು. ದೀಪಾವಳಿ ಮುಗಿದ ವಾರ ಗಾಡಿ ತರುತ್ತೇನೆಂದು ಹೇಳಿ ಕೋಟಿನವನು ಎದ್ದ.

ಮರುದಿನ ಮುಂಜಾನೆ ಮರಿಯವ್ವ ಬಂದು ನಮ್ಮ ಅಂಗಳದ ಆಚೆ ನಿಂತಳು.

“ಧಣ್ಯಾರ, ಮೂಲ್ಯಾನ ತಂಗಡಿ ಕೊಡಾಕತ್ತೀರಂತ. ಖರೇನ್ರಿ?”

“ಇನ್ನಾ ಏನೂ ಠರಾವ ಆಗಿಲ್ಲ ಮರಿಯವ್ವ. ವಿಚಾರ ಮಾಡಾಕತ್ತೇನಿ,” ಎಂದ ಅಪ್ಪ.

“ಗುಡ್ಡದಾಗೂ ಹಿಂಗ ವಿಚಾರ ಮಾಡೂದ್ರಾಗ ಬೋಳ ಆತ್ರಿ. ಅವರು ಕೊಯ್ಯೂದಿಲ್ರಿ, ಬೇರ ಸಮೇತ ಕೀಳತಾರ. ಬೇರ ಹ್ವಾದ ಮ್ಯಾಲೆ ಎಲ್ಲಿ ಚಿಗೀತೈತಿ? ನಾವು ಹ್ಯಾಂಗ ತೊಗಲ ಹದಾ ಮಾಡೂದು, ಹ್ಯಾಂಗ ಬದುಕೂದು?”

“ಜಾಲಿ ತೊಗಟಿ ಐತಲ್ಲ. ಅದನ್ನ ಹಾಕ್ರಿ.”

“ಜಾಲಿ ಹಾಕಿದ ತೊಗಲ ಕರ್ರಗ ಕಲ್ಲ ಆಗತೈತ್ರಿ. ನಿಮ್ಮ ಎತ್ತಿನ ಕೊಳ್ಳಿಗೆ ಕಲ್ಲಿನ ಜತಗಿ ಕಟ್ಟತೀರೇನ್ರಿ?”

ಅಪ್ಪ ಎಲೆಗೆ ಸುಣ್ಣ ಹುಡುಕಿದ. ಆಯಿ ಒಳಗಿನಿಂದ ಕೂಗಿದಳು:

“ಮರೀ, ಸ್ವಲ್ಪ ಆಚಿ ಸರದ ನಿಂದರ. ಹಬ್ಬದ ಸಾಮಾನ ಒಣಗಾಕ ಹಾಕೇವಿ.”

“ಆಚಿಗೇ ನಿಂತೇನ್ರಿ ಅವ್ವಾರ. ನನ್ನ ನೆಳ್ಳ ಸುದ್ದಾ ಹೊರಗ ಐತಿ, ಬಂದ ನೋಡ್ರಿ.”

ಆಯಿ ಬಂದು ನೋಡಲಿಲ್ಲ. ಮರಿಯವ್ವ ಸ್ವಲ್ಪ ಹೊತ್ತು ನಿಂತು ಹೋದಳು. ಅಂದು ಊಟಕ್ಕೆ ಕುಳಿತಾಗ, ಝುಣಕಕ್ಕೆ ಉಪ್ಪು ಹೆಚ್ಚಾಗಿದ್ದರೂ ಅಪ್ಪ ಅದನ್ನು ಎತ್ತಿ ಆಡಲಿಲ್ಲ. ಇದರಿಂದ ಅವನ ಮನಸ್ಸು ಎಷ್ಟು ಕೆಟ್ಟಿತ್ತೆಂದು ಊಹಿಸಬಹುದು.

ಹಬ್ಬಕ್ಕೆ ಎರಡು ದಿನವಿರುವಾಗ, ಬೋಳಾದರೂ ಒಂದೆರಡು ಗಿಡ ಉಳಿದಿರಬಹುದೆಂಬ ಆಸೆಯಿಂದ, ವಾಡಿಕೆಯಂತೆ ಹೂವಿನ ಗುರುತು ಹಿಡಿದು ಬರಲು ನನ್ನನ್ನು ಗುಡ್ಡಕ್ಕೆ ಅಟ್ಟಿದರು. ಗುಡ್ಡದಲ್ಲಿ ಗಿಡವಿದ್ದಲ್ಲೆಲ್ಲ ಕುಣಿ. ಹಲ್ಲು ಕಿತ್ತ ವಸಡಿನಂತಿತ್ತು. ಬಂಡೆಯ ಸೀಳಿನಲ್ಲಿ, ಗುದ್ದಲಿ ಹೋಗದ ಜಾಗದಲ್ಲಿ, ಒಂದೇ ಒಂದು ಮೊಣಕಾಲೆತ್ತರದ ಸಸಿ ಉಳಿದಿತ್ತು. ಮೊಗ್ಗು ಸಹ ಇರಲಿಲ್ಲ. ಅದರದೊಂದು ಟೊಂಗೆ ಮುರಿದುಕೊಂಡೆ. ಯಾಕೆಂದು ಆಗ ಕೇಳಿದ್ದರೆ ಉತ್ತರ ಬರುತ್ತಿರಲಿಲ್ಲ. ಆದರೆ ಇಳಿಯುವಾಗ ಕಾಲು ಮನೆಯ ದಾರಿ ಬಿಟ್ಟು ಹಳ್ಳದ ಕಡೆ ತಿರುಗಿತ್ತು.

ಮೂಲೆಯ ವಾಸನೆ ಮೊದಲು ಬಂತು, ಹಸಿ ತೊಗಲಿನದು, ಮೂಗು ಮುಚ್ಚುವಂಥದು. ಆಮೇಲೆ ಬಣ್ಣ ಬಂತು. ಇಡೀ ಮೂಲೆ ಹಳದಿಯಾಗಿತ್ತು. ಗಿಡಗಳ ನಡುವೆ ಕುಡುಗೋಲು ಹಿಡಿದು ಕೂತಿದ್ದ ಮರಿಯವ್ವ ನನ್ನನ್ನು ನೋಡಿ ಎದ್ದಳು.

“ಏನ್ ಸಣ್ಣವ್ವಾ, ದಾರಿ ತಪ್ಪೀರೇನ?”

“ಇಲ್ಲ. ಕಿವಿ ನೋಡಾಕ ಬಂದೇನಿ.”

“ಯಾರ ಕಿವಿ?”

ನಾನು ಗಿಡದ ಕಡೆ ಕೈ ತೋರಿಸಿದೆ. ಆಯಿಯ ಸಿದ್ಧಾಂತವನ್ನು ನನಗೆ ತಿಳಿದಷ್ಟು ನಿಷ್ಠೆಯಿಂದ ವಿವರಿಸಿದೆ. ಮರಿಯವ್ವ ನಗಲು ಶುರು ಮಾಡಿ, ಸೆರಗು ಬಾಯಿಗಿಟ್ಟುಕೊಂಡು, ಕೊನೆಗೆ ಕೂತೇಬಿಟ್ಟಳು.

“ಕಿವಿ ಇಲ್ಲದ ತಂಗಡಿ ಎಲ್ಲೈತವಾ! ಹುಟ್ಟಿದಾಗಿಂದ ಕೊಯ್ಯಾಕತ್ತೇನಿ, ಒಂದೂ ಕಿವುಡ ಗಿಡ ಕಂಡಿಲ್ಲ. ಬಾ, ನೋಡ ಬಾ.”

ನೋಡಿದೆ. ಹತ್ತು ಗಿಡ ನೋಡಿದೆ. ಎಲ್ಲದಕ್ಕೂ ಕಿವಿ. ಅವಳು ನನಗೆ ಇನ್ನೊಂದನ್ನೂ ತೋರಿಸಿದಳು. ಅವಳು ಕೊಯ್ದ ಗಿಡಗಳೆಲ್ಲ ನೆಲದಿಂದ ಒಂದು ಗೇಣು ಬಿಟ್ಟು, ಓರೆಯಾಗಿ ಕೊಯ್ದವು, ಮಳೆನೀರು ನಿಲ್ಲದೆ ಜಾರುವ ಹಾಗೆ. ಒಂದು ಸಾಲು ಕೊಯ್ದರೆ ಮುಂದಿನ ಎರಡು ಸಾಲು ಆ ವರ್ಷ ಮುಟ್ಟುವಂತಿಲ್ಲ. ಕೊಯ್ದ ಬುಡಗಳಲ್ಲಿ ಆಗಲೇ ಚಿಗುರು ಬೆರಳುದ್ದ ಬಂದಿತ್ತು. ತೊಗಟೆಯ ಒಂದು ಚೂರನ್ನು ಅಗಿಯಲು ಹೇಳಿದಳು. ಅಗಿದೆ. ನಾಲಿಗೆಯೆಲ್ಲ ಸುರುಟಿ, ಬಾಯಿ ಒಣಗಿ, ಮಾತು ನಿಂತಿತು.

“ಹದಾ ಅಂದ್ರ ಇದ ನೋಡವಾ. ನಿನ್ನ ನಾಲಿಗಿಗೆ ಆದದ್ದ ತೊಗಲಿಗೆ ಆಗತೈತಿ. ನಿಮ್ಮಪ್ಪಾರಿಗೂ ಒಂದ ಚೂರ ಒಯ್ಯಿ.”

ಒಂದು ಟೊಂಗೆ ಕೊಡು ಎಂದೆ. ಹೂವಿದ್ದುದು ಬೇಡ, ಗುಡ್ಡದ್ದಕ್ಕೂ ಹೂವಿಲ್ಲ, ನ್ಯಾಯ ಸಮನಾಗಿರಬೇಕು. ಅವಳು ಕೊಯ್ದು, ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅಂದು ನಾನು ಅದನ್ನು ಅವಳ ಕೈಯಿಂದಲೇ ತೆಗೆದುಕೊಂಡೆನೆಂದು ಬರೆದರೆ ಈ ಅಧ್ಯಾಯಕ್ಕೆ ಶೋಭೆ ಬರುತ್ತಿತ್ತು. ನೆಲದಿಂದಲೇ ಎತ್ತಿಕೊಂಡೆ.

ಮನೆಗೆ ಬಂದಾಗ ಆಯಿ ಪಡಸಾಲೆಯಲ್ಲಿ ಹೋಳಿಗೆಯ ಬೇಳೆ ಹಸನು ಮಾಡುತ್ತಿದ್ದಳು. ಗುಡ್ಡದಲ್ಲಿ ಒಂದು ಹೂವೂ ಉಳಿದಿಲ್ಲವೆಂದು ಹೇಳಿದೆ. ಚೆಂಡು ಹೂವು ಇಟ್ಟರಾಯಿತು ಎಂದು ಅವ್ವ ಅಡಿಗೆಮನೆಯ ಬಾಗಿಲಿಂದ ಹೇಳಿದಳು. ಆಯಿ ಅವಳನ್ನು ನೋಡಿದ ರೀತಿಗೆ ಅವ್ವ ತಕ್ಷಣ ಒಲೆಯ ಕಡೆ ಹೋದಳು. ಆಗ ನಾನು ಖಾಲಿ ಮೊರವೊಂದನ್ನು ತಂದು, ಎರಡೂ ಟೊಂಗೆಗಳನ್ನು ಅದರಲ್ಲಿ ಹಾಕಿ, ಒಮ್ಮೆ ಕೇರಿ, ಆಯಿಯ ಮುಂದಿಟ್ಟೆ.

“ಆಯಿ, ಇದರಾಗ ಒಂದು ಗುಡ್ಡದ್ದು, ಒಂದು ಹಳ್ಳದ್ದು.”

ಆಯಿ ಚಾಚಿದ್ದ ಕಾಲು ಸರ್ರನೆ ಎಳೆದುಕೊಂಡಳು. “ಹಳ್ಳದ್ದು ಮನಿಯಾಗ ತಂದಿಯೇನ? ಒಗಿ ಮೊದಲ!”

“ಒಗೀತೇನಿ. ಯಾವುದಂತ ಹೇಳ.”

ಬುದ್ಧಿವಂತಿಕೆಯಿಂದ ಹೇಳಿದ್ದಲ್ಲ, ಕೇರಿದ ಮೇಲೆ ನಿಜವಾಗಿ ನನಗೇ ಯಾವುದು ಯಾವುದೆಂದು ಗೊತ್ತಿರಲಿಲ್ಲ. ಬರುವ ದಾರಿಯಲ್ಲಿ ಹಳ್ಳದ ಟೊಂಗೆಯ ಬುಡಕ್ಕೆ ಹಲ್ಲಿನಿಂದ ಒಂದು ಗುರುತು ಮಾಡಿದ್ದೆ, ಅದನ್ನು ನೋಡದೆ ನಾನೂ ಹೇಳುವಂತಿರಲಿಲ್ಲ. ಆಯಿ ಮೊದಲು ದೂರದಿಂದ ನೋಡಿದಳು. ಆಮೇಲೆ ಬಾಗಿದಳು. ಆಮೇಲೆ ಒಗೆಯಬೇಕಾದುದನ್ನು ಗುರುತಿಸಲೇಬೇಕಾದ್ದರಿಂದ, ಕೈಗೇ ತೆಗೆದುಕೊಂಡಳು. ಹಸಿರು ಹೆಚ್ಚಿದ್ದ ಟೊಂಗೆಯನ್ನು ಎತ್ತಿ ಹಿಡಿದು ಹೇಳಿದಳು:

“ಇದು ಗುಡ್ಡದ್ದು. ನೋಡ, ಕಿವಿ ಹ್ಯಾಂಗ ನಿಗರಿಸೇತಿ.”

ನಾನು ಬುಡದ ಹಲ್ಲಿನ ಗುರುತು ತೋರಿಸಿದೆ. “ಅದು ಹಳ್ಳದ್ದು, ಆಯಿ.”

ಆಯಿ ಇನ್ನೊಂದನ್ನು ಎತ್ತಿಕೊಂಡಳು. ಹೆಬ್ಬೆರಳಿನಿಂದ ಒಂದರ ಕಿವಿ ಸವರಿದಳು, ಇನ್ನೊಂದರ ಕಿವಿ ಸವರಿದಳು. ಅವ್ವ ಲಟ್ಟಣಿಗೆ ಹಿಡಿದೇ ಬಾಗಿಲಿಗೆ ಬಂದು ನಿಂತಳು.

“ನಲವತ್ತ ವರ್ಷ ಆತವಾ ನಾ ಈ ಮನಿಗೆ ಬಂದು,” ಎಂದಳು ಆಯಿ. “ಆ ಮೂಲಿಗೆ ಏನೇನ ಅಂದೇನಿ. ಆ ಗಿಡಕ್ಕ ಅಂದೇನಿ, ಆ ಹೆಣ್ಣಮಗಳಿಗೆ ಅಂದೇನಿ. ಎಲ್ಲಾ ಕೇಳಿಸಿಕೋಂತ ನಿಂತಿತ್ತಲ್ಲ ಇದು.”

“ಒಗೀಲೇನ್ರಿ ಅತ್ತಿ?” ಎಂದಳು ಅವ್ವ.

“ಯಾವುದನ್ನ ಒಗೀತಿ?”

ಆಯಿ ಎರಡೂ ಟೊಂಗೆಗಳನ್ನು ನೀರಿನ ತಂಬಿಗೆಯಲ್ಲಿ ನಿಲ್ಲಿಸಿ ಅಪ್ಪನನ್ನು ಕರೆದಳು. ಅಪ್ಪ ಪತ್ರಿಕೆಯ ಸಮೇತ ಬಂದ.

“ಆ ಕೋಟಿನಾವಗ ಮೂಲಿ ಕೊಡೂದಿಲ್ಲಂತ ಹೇಳ.”

“ಅವ್ವಾ, ಚಿಮಣಿ ಎಣ್ಣಿ—”

“ಪೇಪರ ಹಗಲಿ ಓದ. ನಾಕ ದಿನದ ಹಿಂದಿನ ಸುದ್ದಿ, ಹಗಲಿ ಓದಿದರ ಏನ ಓಡಿ ಹೋಗತೈತೇನ?”

ಅಪ್ಪ ಎಲೆ ಅಡಿಕೆಗೆ ಕೈ ಚಾಚಿದ. ಮರಿಯವ್ವ ಕಳಿಸಿದ್ದ ತೊಗಟೆಯ ಚೂರನ್ನು ನಾನು ಆಗ ಅವನ ಕೈಗಿಟ್ಟೆ. ಏನೆಂದು ಕೇಳದೆ, ಅಡಿಕೆಯೆಂದು ತಿಳಿದು ಬಾಯಿಗೆ ಹಾಕಿಕೊಂಡ. ಆಮೇಲೆ ಸುಮಾರು ಹೊತ್ತು ಅವನಿಂದ ಯಾವ ವಿರೋಧವೂ ಬರಲಿಲ್ಲ. ನಮ್ಮ ಮನೆಯ ಒಂದು ದೊಡ್ಡ ನಿರ್ಧಾರ ಎಲೆಯ ನೆರವಿಲ್ಲದೆ ಆದದ್ದು ಅದೊಂದೇ ಸಲ.

ಪಾಡ್ಯದ ಮುಂಜಾನೆ, ಆಯಿ ಹೇಳಿ ಕಳಿಸಿದಂತೆ, ಮರಿಯವ್ವ ಬುಟ್ಟಿ ತುಂಬ ಹೂವು ತಂದಳು. ಆಯಿ ಹೆಂಡಿ ಕೈಯಲ್ಲೇ ಅಂಗಳ ದಾಟಿ ಹೊರಗೆ ಹೋದಳು. ಮರಿಯವ್ವ ಬುಟ್ಟಿಯನ್ನು ನೆಲಕ್ಕಿಡಲು ಬಾಗಿದಳು. ಆಯಿ ಅಷ್ಟರಲ್ಲೇ ಕೈ ಚಾಚಿದ್ದಳು. ಬುಟ್ಟಿ ಇಬ್ಬರ ಕೈಯಲ್ಲೂ ಒಂದು ಕ್ಷಣ ಇತ್ತು. ಆಮೇಲೆ ಆಯಿ ತಂಬಿಗೆಯ ನೀರು ತೆಗೆದುಕೊಂಡು ಹೂವಿನ ಮೇಲೆ ಚಿಮುಕಿಸಿದಳು. ನಲವತ್ತು ವರ್ಷದ ರೂಢಿ, ಕೈ ತಾನಾಗಿ ಮಾಡಿತ್ತು. ಚಿಮುಕಿಸಿದ ಮೇಲೆ ಅವಳಿಗೇ ಗೊತ್ತಾಯಿತು, ಕೈ ಗಾಳಿಯಲ್ಲೇ ನಿಂತಿತು.

“ತೊಳೀರಿ ಅವ್ವಾರ, ತೊಳೀರಿ,” ಎಂದಳು ಮರಿಯವ್ವ. “ಗುತ್ತೇದಾರನ ಗಾಡಿ ಹಾದು ಹಾದು ಧೂಳ ಭಾಳ ಕುಂತೈತಿ.”

ಆಯಿ ನಕ್ಕಳೋ ಇಲ್ಲವೋ ನನಗೆ ಕಾಣಲಿಲ್ಲ. ಒಳಗೆ ಬಂದು ತಿಪ್ಪೆಯ ಪಾಂಡವರಿಗೂ ಎರಡೆರಡು ಹೂವು ಇಟ್ಟಳು. ಆ ವರ್ಷ ಹೋಳಿಗೆಯ ಎಡೆಯಿಂದ ಎರಡನ್ನು ತೆಗೆದು ಬಾಳೆಲೆಯಲ್ಲಿ ಸುತ್ತಿ ಹಳ್ಳದ ದಂಡೆಗೆ ಹೋಗಿ ಮರಿಯವ್ವನಿಗೆ ಕೊಟ್ಟು ಬರಲು ನನಗೇ ಹೇಳಿದಳು. ತಾನು ಹೋಗಲಿಲ್ಲ, ಮುಂದೆ ಸಾಯುವವರೆಗೂ ಆ ಮೂಲೆಗೆ ಕಾಲಿಡಲಿಲ್ಲ. ಮನುಷ್ಯರು ಒಂದೇ ದಿನದಲ್ಲಿ ಇಡಿಯಾಗಿ ಬದಲಾಗುವುದನ್ನು ನಾನು ಎಲ್ಲೂ ಕಂಡಿಲ್ಲ, ನಮ್ಮ ಆಯಿ ಅದಕ್ಕೆ ಅಪವಾದವಾಗಲು ಪ್ರಯತ್ನಿಸಲಿಲ್ಲ. ನಾನು ಮುಂದೆ ಹೆಣ್ಣುಮಕ್ಕಳ ಶಾಲೆಯಲ್ಲಿ ಗಿಡಮರಗಳ ಪಾಠ ಹೇಳಿಕೊಟ್ಟೆ. ಆ ಎರಡು ಹಸಿರು ಹಾಳೆಗಳಿಗೆ ಪುಸ್ತಕದಲ್ಲಿ ಬೇರೆ ಹೆಸರಿತ್ತು, ನಾನು ಕಿವಿ ಎಂದೇ ಕಲಿಸಿದೆ. ದೊಡ್ಡ ದೊಡ್ಡ ಪಂಡಿತರು ಆ ಗಿಡಕ್ಕೆ ಇಟ್ಟ ಶಾಸ್ತ್ರೀಯ ಲ್ಯಾಟಿನ್ ಹೆಸರಿನ ಅರ್ಥದಲ್ಲೂ ಕಿವಿಯೇ ಇದೆ ಎಂದು ತಿಳಿದಾಗ ಹೇಳಿಕೊಳ್ಳಲು ಆಯಿ ಇರಲಿಲ್ಲ. ಯಾವ ಹುಡುಗಿಯಾದರೂ ಟೊಂಗೆಯನ್ನು ತಿರುವಿ ನೋಡದೆ ಉತ್ತರ ಬರೆದರೆ, ಉತ್ತರ ಸರಿಯಿದ್ದರೂ ನಾನು ಅರ್ಧ ಅಂಕಗಳನ್ನಷ್ಟೇ ಕೊಡುತ್ತಿದ್ದೆ.

ಗುತ್ತೇದಾರನ ಗಾಡಿ ಹಬ್ಬದ ಮುಂದಿನ ವಾರ ಬಂದು, ಖಾಲಿಯಾಗಿಯೇ ಯಲವಿಗಿಗೆ ಹೋಯಿತು. ಮರಿಯವ್ವ ಆ ವರ್ಷ ತನ್ನ ಸಾಲನ್ನು ಒಂದು ಗೇಣು ಬಿಟ್ಟು ಕೊಯ್ದಳು. ಮುಂದಿನ ದೀಪಾವಳಿಗೆ ಅದು ಚಿಗುರಿ ಹೂವು ಬಿಟ್ಟಿತ್ತು.